ಫೋನ್ ಅವರ ಕೈಯಲ್ಲೇ ಇರಲಿ: ಹಿರಿಯರಿಗೆ ಮೊಬೈಲ್ ಕಲಿಸುವವರಿಗೆ ಒಂದು ಮಾರ್ಗದರ್ಶಿ

ಮನೆಯ ಹಿರಿಯರು ಮೊಬೈಲ್ ಹಿಡಿದುಕೊಂಡು ಬಂದು ಏನಾದರೂ ಕೇಳಿದರೆ ನಮ್ಮಲ್ಲಿ ಬಹಳಷ್ಟು ಮಂದಿ ಮಾಡುವುದು ಒಂದೇ. 'ಇಲ್ಲಿ ಕೊಡಿ' ಎಂದು ಫೋನ್ ತೆಗೆದುಕೊಳ್ಳುತ್ತೇವೆ, ಹೆಬ್ಬೆರಳಿನಿಂದ ಸರಸರನೆ ನಾಲ್ಕು ಕಡೆ ಒತ್ತುತ್ತೇವೆ, 'ಆಯಿತು' ಎಂದು ವಾಪಸು ಕೊಡುತ್ತೇವೆ. ಕೆಲಸವೇನೋ ಮುಗಿಯಿತು. ಆದರೆ ಎಲ್ಲಿ ಒತ್ತಿದೆವು, ಯಾವ ಕ್ರಮದಲ್ಲಿ ಒತ್ತಿದೆವು ಎಂಬುದು ಅವರಿಗೆ ಕಾಣಿಸಲೇ ಇಲ್ಲ. ನಾಳೆ ಅದೇ ಕೆಲಸಕ್ಕೆ ಮತ್ತೆ ನಮ್ಮ ಹತ್ತಿರ ಬರಬೇಕು. ಎರಡು ಸಲ ಬಂದವರು ಮೂರನೆಯ ಸಲ ಬರಲು ಸಂಕೋಚಪಡುತ್ತಾರೆ. ಆಮೇಲೆ ಫೋನ್ ಬರೀ ಕರೆ ತೆಗೆದುಕೊಳ್ಳುವ ಸಾಧನವಾಗಿ ಕಪಾಟಿನ ಮೇಲೆ ಕೂರುತ್ತದೆ.

ಆದ್ದರಿಂದ ಎಲ್ಲಕ್ಕಿಂತ ಮೊದಲಿನ ನಿಯಮವನ್ನು ಈಗಲೇ ಹೇಳಿಬಿಡುತ್ತೇನೆ: ಕಲಿಸುವಷ್ಟು ಹೊತ್ತೂ ಫೋನ್ ಅವರ ಕೈಯಲ್ಲೇ ಇರಬೇಕು. ನಿಮ್ಮ ಬೆರಳು ಪರದೆಗೆ ತಾಗಬಾರದು. ತೋರಿಸಲೇಬೇಕಾದರೆ ನಿಮ್ಮ ಫೋನಿನಲ್ಲಿ ತೋರಿಸಿ, ಮಾಡುವುದನ್ನು ಅವರು ತಮ್ಮ ಫೋನಿನಲ್ಲೇ ಮಾಡಲಿ.

'ಈ ವಯಸ್ಸಿನಲ್ಲಿ ಕಲಿತು ಏನಾಗಬೇಕು?' ಎಂಬ ಮಾತು ಹಿರಿಯರ ಬಾಯಿಂದಲೂ ಬರುತ್ತದೆ, ಮನೆಯವರ ಬಾಯಿಂದಲೂ ಬರುತ್ತದೆ. ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ನೆಯ ವಯಸ್ಸಿನಲ್ಲಿ, ರಾಜ್ಯದ ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ಪಡೆದರು. ಅಷ್ಟಕ್ಕೇ ನಿಲ್ಲದೆ ಕಂಪ್ಯೂಟರ್ ಕಲಿಯುವ ಆಸೆಯಿದೆ ಎಂದರು, ಅವರಿಗೆ ಲ್ಯಾಪ್‌ಟಾಪ್ ಸಿಕ್ಕಿತು. ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಫಾಂಗಣೆ ಎಂಬ ಹಳ್ಳಿಯಲ್ಲಿ 2016ರ ಮಾರ್ಚ್ 8ರಂದು ಅಜ್ಜಿಯರಿಗಾಗಿಯೇ ಒಂದು ಶಾಲೆ ತೆರೆಯಿತು. ಅರವತ್ತು ದಾಟಿದ ಹೆಂಗಸರು ಗುಲಾಬಿ ಸೀರೆಯುಟ್ಟು, ಹೆಗಲಿಗೆ ಚೀಲ ಹಾಕಿಕೊಂಡು, ಮನೆಗೆಲಸ ಮುಗಿಸಿ ಮಧ್ಯಾಹ್ನದ ಪಾಠಕ್ಕೆ ಹೋಗುತ್ತಾರೆ. ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಹಾಕುವುದನ್ನು ಕಲಿತರು. ಈ ಶಾಲೆಯಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಎಂದರೆ ಅದರ ಹೊತ್ತು. ಕಲಿಸುವವರ ಬಿಡುವಿಗೆ ಕಲಿಯುವವರು ಹೊಂದಿಕೊಳ್ಳಬೇಕಾಗಿ ಬರಲಿಲ್ಲ.

ಮೊದಲ ಹೆಜ್ಜೆ: ಅವರಿಗೆ ಏನು ಬೇಕು ಎಂದು ಕೇಳಿ

ಅಪ್ಪ ಯುಪಿಐ ಕಲಿಯಲಿ ಎಂಬುದು ನಿಮ್ಮ ಅಗತ್ಯ ಇರಬಹುದು. ಅವರಿಗೆ ಬೇಕಾದದ್ದು ಬೇರೆಯೇ ಇರಬಹುದು. ಶಿವಮೊಗ್ಗ, ಶಿರಸಿ ಕಡೆಯ ಹಿರಿಯ ಕೃಷಿಕರಿಗೆ ಬೆಳಿಗ್ಗೆ ಎದ್ದು ಅಡಿಕೆ ಧಾರಣೆ ನೋಡುವ ಆಸೆ. ರಾಶಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳ ಬೆಲೆ ಎಷ್ಟಾಯಿತು ಎಂದು ಪತ್ರಿಕೆ ಬರುವ ಮೊದಲೇ ತಿಳಿಯಬೇಕು. ಅಜ್ಜಿಗೆ ದಾಸರ ಪದ ಕೇಳಬೇಕು. ನಿವೃತ್ತ ಮೇಷ್ಟರಿಗೆ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಕನ್ನಡದಲ್ಲೇ ಉತ್ತರ ಬರೆಯಬೇಕು. ಇನ್ನೊಬ್ಬರಿಗೆ ತಮ್ಮ ಜಮೀನಿನ ಪಹಣಿಯನ್ನು ತಾವೇ ತೆರೆದು ನೋಡಬೇಕು, ಯಾರನ್ನೂ ಕೇಳಬಾರದು.

ಆ ಒಂದು ಆಸೆಯಿಂದ ಶುರು ಮಾಡಿ. ಧಾರಣೆ ನೋಡಲು ಕಲಿಯುವವರು ಹಾದಿಯಲ್ಲೇ ಹುಡುಕುವುದು, ಪರದೆಯನ್ನು ಮೇಲೆ ಸರಿಸುವುದು, ಹಿಂದಕ್ಕೆ ಬರುವುದು, ಅಕ್ಷರ ದೊಡ್ಡದು ಮಾಡುವುದು ಎಲ್ಲವನ್ನೂ ಕಲಿತುಬಿಡುತ್ತಾರೆ. 'ಇದು ಹೋಮ್ ಸ್ಕ್ರೀನ್, ಇದು ಮೆನು' ಎಂದು ಪಾಠ ಒಪ್ಪಿಸಿದರೆ ಹತ್ತು ನಿಮಿಷದಲ್ಲಿ ಆಕಳಿಕೆ ಬರುತ್ತದೆ. ನಮಗೂ ಹಾಗೇ ಆಗುತ್ತದೆ.

ಕಣ್ಣು, ಕಿವಿ, ಬೆರಳು

'ಅವರಿಗೆ ತಲೆಗೆ ಹತ್ತುವುದಿಲ್ಲ' ಎಂದು ತೀರ್ಮಾನಿಸುವ ಮೊದಲು ಕಾಣಿಸುತ್ತಿದೆಯೇ, ಕೇಳಿಸುತ್ತಿದೆಯೇ ಎಂದು ವಿಚಾರಿಸಿ. ಪೊರೆ ಬಂದ ಕಣ್ಣಿಗೆ ಬೂದು ಹಿನ್ನೆಲೆಯ ಮೇಲಿನ ತಿಳಿ ಬಣ್ಣದ ಅಕ್ಷರ ಕಾಣುವುದೇ ಇಲ್ಲ. ಎರಡು ಬಗೆಯ ಗಾಜಿರುವ ಕನ್ನಡಕ ಹಾಕುವವರು ಕೆಳಗಿನ ಅರ್ಧದಿಂದ ಓದಬೇಕು, ಹಾಗಾಗಿ ಫೋನ್ ಎದೆಯ ಮಟ್ಟಕ್ಕಿಂತ ಕೆಳಗಿರಬೇಕು. ನೀವು ಮುಖದೆದುರು ಹಿಡಿದು 'ಕಾಣುವುದಿಲ್ಲವೇ?' ಎಂದರೆ ಅವರು ಏನು ಮಾಡಿಯಾರು? ಎದುರು ಕೂರಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಕಿಟಕಿಯ ಬೆಳಕು ಪರದೆಯ ಮೇಲೆ ಬೀಳದಂತೆ ಜಾಗ ಆರಿಸಿ.

ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕೈಕೊಡುವುದು ತೀಕ್ಷ್ಣ ಧ್ವನಿಗಳನ್ನು ಗುರುತಿಸುವ ಶಕ್ತಿ. ಸ, ಶ, ಫ ಮುಂತಾದ ಧ್ವನಿಗಳು ಕಲಸಿಹೋಗುತ್ತವೆ. ಕೂಗಿ ಹೇಳಿದರೆ ಸದ್ದು ಹೆಚ್ಚುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಮೇಲಾಗಿ ಬೈದ ಹಾಗೆ ಕೇಳುತ್ತದೆ. ದನಿ ತಗ್ಗಿಸಿ, ನಿಧಾನವಾಗಿ, ನಿಮ್ಮ ತುಟಿ ಅವರಿಗೆ ಕಾಣುವಂತೆ ಮಾತನಾಡಿ. ಟಿವಿ ಆರಿಸಿ. ಶ್ರವಣ ಸಾಧನ ಇದ್ದವರು ಅದನ್ನು ಹಾಕಿಕೊಂಡೇ ಪಾಠಕ್ಕೆ ಕೂರಲಿ.

ಬೆರಳಿನ ವಿಚಾರ ಬಹಳ ಜನರಿಗೆ ಹೊಳೆಯುವುದಿಲ್ಲ. ವಯಸ್ಸಾದ ಚರ್ಮ ಒಣಗಿರುತ್ತದೆ, ದುಡಿದ ಕೈಗಳಲ್ಲಿ ಗಡುಸಾಗಿಯೂ ಇರುತ್ತದೆ. ಪರದೆಗೆ ಅಂಥ ಬೆರಳಿನ ಸ್ಪರ್ಶ ಗೊತ್ತಾಗುವುದು ಕಡಿಮೆ. ಆಗ ಅವರು ಜೋರಾಗಿ ಒತ್ತುತ್ತಾರೆ, ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ಫೋನ್ ಬೇರೆಯದೇ ಪಟ್ಟಿ ತೆರೆದು ಕೂರುತ್ತದೆ, ಗಾಬರಿ ಶುರುವಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಬೆರಳ ತುದಿಯನ್ನು ಒಮ್ಮೆ ಒರೆಸಿಕೊಂಡರೆ ವ್ಯತ್ಯಾಸ ಕಾಣುತ್ತದೆ. ಹಣೆಗೆ ಕುಂಕುಮ ಇಟ್ಟುಕೊಳ್ಳುವಷ್ಟು ಹಗುರವಾಗಿ ಮುಟ್ಟಿ ಬಿಡಿ ಎಂದು ಹೇಳಿದರೆ ಎಷ್ಟೋ ಜನರಿಗೆ ಕೂಡಲೇ ಹಿಡಿತ ಸಿಗುತ್ತದೆ. ಕೈ ನಡುಗುವವರಿಗೆ ಆಂಡ್ರಾಯ್ಡ್ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ 'ಟಚ್ ಅಂಡ್ ಹೋಲ್ಡ್ ಡಿಲೇ' ಎಂಬುದಿದೆ. ಅದನ್ನು 'ಲಾಂಗ್' ಎಂದು ಇಟ್ಟರೆ ತುಸು ಹೊತ್ತು ಬೆರಳು ನಿಂತರೂ ತೊಂದರೆಯಾಗುವುದಿಲ್ಲ.

ಫೋನನ್ನು ಅವರಿಗೆ ತಕ್ಕಂತೆ ಹೊಂದಿಸಿ

ಇದನ್ನು ಅವರ ಜೊತೆ ಕುಳಿತು, ಒಂದೊಂದನ್ನೂ ಕೇಳಿ ಮಾಡಿ. ಅಕ್ಷರದ ಗಾತ್ರ ಯಾವುದು ಸಾಕು ಎಂದು ಹೇಳಬೇಕಾದವರು ಅವರು. ಪರದೆ ಮೂವತ್ತು ಸೆಕೆಂಡಿಗೆ ಆರಿಹೋಗುವಂತಿದ್ದರೆ, ಬೇಕಾದ ಗುರುತು (ಐಕಾನ್) ಹುಡುಕುವಷ್ಟರಲ್ಲಿ ಕತ್ತಲಾಗುತ್ತದೆ. ಆ ಅವಧಿಯನ್ನು ಎರಡು ನಿಮಿಷಕ್ಕೋ ಐದು ನಿಮಿಷಕ್ಕೋ ಏರಿಸಿ. ಹೊಸ ಫೋನುಗಳಲ್ಲಿ ಹಿಂದಕ್ಕೆ ಬರಲು ಅಂಚಿನಿಂದ ಬೆರಳು ಸರಿಸಬೇಕು. ಕಣ್ಣಿಗೆ ಕಾಣದ ಆ ಚಲನೆಯನ್ನು ಹೊಸಬರಿಗೆ ಹೇಳಿಕೊಡುವುದು ಬಲು ಕಷ್ಟ. ಸೆಟ್ಟಿಂಗ್ಸ್‌ನಲ್ಲಿ ಕೆಳಗೆ ಮೂರು ಗುಂಡಿಗಳು ಕಾಣುವ ವ್ಯವಸ್ಥೆ ಇರುತ್ತದೆ, ಅದನ್ನು ಆರಿಸಿಕೊಳ್ಳಿ. 'ಏನೇ ಆದರೂ ನಡುವಿನ ಗುಂಡಿ ಒತ್ತಿದರೆ ಮೊದಲ ಪುಟಕ್ಕೆ ಬರುತ್ತೀರಿ' ಎಂಬ ಒಂದು ಧೈರ್ಯ ಸಿಕ್ಕಿದರೆ ಅರ್ಧ ಭಯ ಹೋಗುತ್ತದೆ.

ಮೊದಲ ಪುಟದಲ್ಲಿ ಆರೇಳು ಗುರುತುಗಳಿದ್ದರೆ ಸಾಕು. ಬಂಧುಗಳ ಹೆಸರಿನ ಜೊತೆ ಅವರವರ ಫೋಟೊ ಹಾಕಿ. ಆಟದ, ಸಾಲ ಕೊಡುವ ಜಾಹೀರಾತುಗಳ ಸೂಚನೆಗಳನ್ನು ನಿಲ್ಲಿಸಿ. ಒಮ್ಮೆ ಹೊಂದಿಸಿದ ಮೇಲೆ ಗುರುತುಗಳ ಜಾಗ ಬದಲಿಸಬೇಡಿ. ಅವರು ಹೆಸರಿಗಿಂತ ಹೆಚ್ಚಾಗಿ ಜಾಗವನ್ನು ನೆನಪಿಟ್ಟುಕೊಂಡಿರುತ್ತಾರೆ.

ಭಾಷೆ ಕನ್ನಡಕ್ಕೆ ಬದಲಿಸಬೇಕೇ? ಕನ್ನಡ ಮಾತ್ರ ಓದಬಲ್ಲವರಿಗೆ ಖಂಡಿತ ಬದಲಿಸಿ. ಇಂಗ್ಲಿಷ್ ಪದಗಳಿಗೆ ಒಗ್ಗಿಹೋದವರಿಗೆ ಫೋನಿನೊಳಗಿನ ಅನುವಾದದ ಕನ್ನಡವೇ ತೊಡಕಾಗಬಹುದು, ಅವರನ್ನೇ ಕೇಳಿ. ಆದರೆ ಕನ್ನಡ ಕೀಲಿಮಣೆಯಂತೂ ಎಲ್ಲರಿಗೂ ಇರಲಿ. ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತನಾಡಿದರೆ ಅಕ್ಷರ ತಾನಾಗಿ ಮೂಡುತ್ತದೆ ಎಂದು ತಿಳಿದಾಗ ಹಿರಿಯರ ಮುಖದಲ್ಲಿ ಮೂಡುವ ಸಂತೋಷ ಕಲಿಸುವವರಿಗೆ ಸಿಗುವ ಸಂಬಳ. ಓದುಬರಹ ಬಾರದವರಿಗೆ ವಾಟ್ಸ್ಆ್ಯಪ್‌ನ ಧ್ವನಿ ಸಂದೇಶವೇ ಪತ್ರ.

ಪಾಠ ಹೀಗಿರಲಿ

ಒಂದು ಸಲಕ್ಕೆ ಒಂದೇ ಕೆಲಸ. ಇಪ್ಪತ್ತು ಇಪ್ಪತ್ತೈದು ನಿಮಿಷ ಸಾಕು, ಊಟದ ಮೇಲಿನ ಜೊಂಪಿನ ಹೊತ್ತು ಬೇಡ. ಒಂದೇ ದಿನ ಎರಡು ಗಂಟೆ ಕೂರುವುದಕ್ಕಿಂತ ದಿನಕ್ಕಿಷ್ಟು ಎಂದು ವಾರವಿಡೀ ಮಾಡಿದರೆ ಮನಸ್ಸಿನಲ್ಲಿ ಉಳಿಯುತ್ತದೆ. ವಯಸ್ಸಾದಂತೆ ಹೊಸತನ್ನು ಗ್ರಹಿಸುವ ವೇಗ ತಗ್ಗುವುದು ನಿಜ, ಕಲಿಯುವ ಶಕ್ತಿ ಹೋಗುವುದಿಲ್ಲ. ಅವರಿಗೆ ಬೇಕಾದದ್ದು ಸಮಯ ಮತ್ತು ಪುನರಾವರ್ತನೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬರೆಯುವುದು ನೀವಲ್ಲ, ಅವರು. ಅವರ ಮಾತಿನಲ್ಲೇ ಬರೆದುಕೊಳ್ಳಲಿ. ದೂರದೂರಿನ ಮಗಳಿಗೆ ವಿಡಿಯೊ ಕರೆ ಮಾಡುವ ಪಾಠವಾದರೆ ಪುಟ ಹೀಗಿರಬಹುದು: 'ಹಸಿರು ಬಣ್ಣದ ಫೋನ್ ಗುರುತು. ಮಗಳ ಫೋಟೊ. ಮೇಲ್ಗಡೆ ಬಲಕ್ಕೆ ಕ್ಯಾಮೆರಾ ಚಿತ್ರ. ಅವಳ ಮುಖ ಕಾಣುವವರೆಗೆ ಕಾಯುವುದು. ಮುಗಿದ ಮೇಲೆ ಕೆಂಪು.' ಇದರಲ್ಲಿ ಐಕಾನ್ ಇಲ್ಲ, ಆಪ್ ಇಲ್ಲ, ಕ್ಲಿಕ್ ಇಲ್ಲ. ನೀವು ಬರೆದುಕೊಟ್ಟ ಅಚ್ಚುಕಟ್ಟಾದ ಪಟ್ಟಿಗಿಂತ ಈ ಐದು ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ. ಬರೆಯಲು ಬಾರದವರು ಚಿತ್ರ ಬಿಡಿಸಿಕೊಳ್ಳಲಿ: ಒಂದು ಸುತ್ತು, ಒಂದು ಬಾಣ.

ಮರುದಿನ ಹೋಗಿ 'ನಿನ್ನೆ ಹೇಳಿದ್ದು ನೆನಪಿದೆಯೇ?' ಎಂದು ಪರೀಕ್ಷೆ ಮಾಡಬೇಡಿ. 'ನಿನ್ನೆಯ ಹಾಗೇ ಅವಳಿಗೆ ಒಂದು ಕರೆ ಮಾಡೋಣವೇ?' ಎನ್ನಿ. ಮರೆತಿದ್ದರೆ ಪುಸ್ತಕ ತೆರೆಯುತ್ತಾರೆ. ಮಧ್ಯದಲ್ಲಿ ತಡವರಿಸಿದಾಗ ಬಾಯಿ ಹಾಕದೆ ಕಾಯಿರಿ. ಇದು ಕಲಿಸುವವರಿಗೆ ಅತ್ಯಂತ ಕಷ್ಟದ ಕೆಲಸ. ಅವರ ಬೆರಳು ಸರಿಯಾದ ಗುರುತಿನ ಮೇಲೆ ಸುಳಿದಾಡುತ್ತಿರುತ್ತದೆ, ನಿಮಗೆ ಹೇಳಿಬಿಡುವ ಆತುರ. ತಾವೇ ಹುಡುಕಿ ಒತ್ತಿದ್ದು ಅವರ ನೆನಪಿನಲ್ಲಿ ಉಳಿಯುತ್ತದೆ, ನೀವು ಹೇಳಿ ಒತ್ತಿಸಿದ್ದು ಉಳಿಯುವುದಿಲ್ಲ.

ತಪ್ಪು ಒತ್ತಿದರೆ ಫೋನ್ ಕೆಟ್ಟುಹೋಗುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ರೇಡಿಯೊ, ಮಿಕ್ಸರ್ ಎಲ್ಲವನ್ನೂ ಜೋಪಾನವಾಗಿ ಬಳಸಿದ ತಲೆಮಾರು ಅದು. ಹಾಗಾಗಿ ತಪ್ಪು ಮಾಡಿಸಿಯೇ ತೋರಿಸಿ: ಬೇಡದ ಒಂದು ಫೋಟೊ ತೆಗೆಯಲಿ, ಅಳಿಸಲಿ, ಆಮೇಲೆ ಕಸದ ಬುಟ್ಟಿಯಿಂದ ಅದನ್ನು ಹಿಂದಕ್ಕೆ ತರಲಿ.

ಮಾತಿನ ಮರ್ಯಾದೆ

'ಎಷ್ಟು ಸಲ ಹೇಳಬೇಕು?' 'ಇಷ್ಟು ಸುಲಭ, ಅಷ್ಟೂ ತಿಳಿಯುವುದಿಲ್ಲವೇ?' 'ಮೂರು ವರ್ಷದ ಮಗುವಿಗೂ ಬರುತ್ತದೆ.' ಈ ಮೂರು ವಾಕ್ಯಗಳು ನಿಮ್ಮ ಬಾಯಿಂದ ಬಾರದಿದ್ದರೆ ಅರ್ಧ ಗೆದ್ದಂತೆ. ಕೊನೆಯದಂತೂ ಅವಮಾನವೇ. ಐವತ್ತು ವರ್ಷ ಮನೆ ನಡೆಸಿದವರನ್ನು, ಸಾಲ ತೀರಿಸಿದವರನ್ನು, ನಮಗೆ ಚಮಚ ಹಿಡಿಯಲು ಕಲಿಸಿದವರನ್ನು ಮಗುವಿನ ಜೊತೆ ತೂಗಿ ನೋಡುವುದು ಸಲ್ಲದು. ಮೊಮ್ಮಕ್ಕಳ ಎದುರು, ನೆಂಟರ ಎದುರು ತಿದ್ದಬೇಡಿ. ಅವರು ಕೇಳಿದ ತಮಾಷೆಯ ಪ್ರಶ್ನೆಯನ್ನು ಊಟದ ಹೊತ್ತಿನಲ್ಲಿ ಕತೆ ಮಾಡಿ ಹೇಳಬೇಡಿ.

ಗ್ರಂಥಾಲಯದಲ್ಲೋ ಬಡಾವಣೆಯ ಸಂಘದಲ್ಲೋ ಹೊರಗಿನವರಿಗೆ ಕಲಿಸುತ್ತಿದ್ದರೆ ಬಂದವರನ್ನೆಲ್ಲ 'ಅಜ್ಜಿ', 'ತಾತ' ಎಂದು ಕರೆಯುವ ಮೊದಲು ಯೋಚಿಸಿ. ಅರವತ್ತೆರಡರ ಹೆಂಗಸೊಬ್ಬರಿಗೆ 'ಅಮ್ಮ' ಹಿತವಾಗಬಹುದು, ಇನ್ನೊಬ್ಬರಿಗೆ 'ಮೇಡಂ', ಮತ್ತೊಬ್ಬರಿಗೆ ತಮ್ಮ ಹೆಸರಿನ ಮುಂದೆ 'ಅವರೇ'. 'ನಿಮ್ಮನ್ನು ಏನೆಂದು ಕರೆಯಲಿ?' ಎಂದು ಮೊದಲ ದಿನವೇ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಫೋನ್ ಅವರದು, ಅದರೊಳಗಿನ ಸಂದೇಶಗಳೂ ಅವರವು. ಸರಿ ಮಾಡಿಕೊಡುವ ನೆಪದಲ್ಲಿ ಸಂದೇಶ ಓದುವುದು, ಯಾರ ಜೊತೆ ಎಷ್ಟು ಹೊತ್ತು ಮಾತನಾಡಿದರು ಎಂದು ನೋಡುವುದು ಬೇಡ. ಬ್ಯಾಂಕಿನ ಪಿನ್ ಅವರು ಒತ್ತುವಾಗ ಮುಖ ಅತ್ತ ತಿರುಗಿಸಿ. ಮಕ್ಕಳೇ ಹೀಗೆ ತಿರುಗಿಕೊಂಡರೆ, ಪಿನ್ ಯಾರಿಗೂ ತೋರಿಸಬಾರದು ಎಂಬ ಪಾಠ ಬೇರೆ ಹೇಳಬೇಕಾಗಿಲ್ಲ.

ಹಣದ ಪಾಠ

ಯುಪಿಐ ಕಲಿಸುವ ಮೊದಲು ಚಿಕ್ಕ ಮೊತ್ತದ ಬೇರೊಂದು ಉಳಿತಾಯ ಖಾತೆಯನ್ನು ಅದಕ್ಕೆ ಜೋಡಿಸುವುದು ಒಳ್ಳೆಯದು. ಪಿಂಚಣಿ, ಠೇವಣಿ ಇರುವ ಖಾತೆ ದೂರವೇ ಇರಲಿ. ಮೊದಲ ಪಾವತಿ ನಿಮಗೇ ಹತ್ತು ರೂಪಾಯಿ ಕಳುಹಿಸಲಿ, ಎರಡನೆಯದು ಪರಿಚಯದ ತರಕಾರಿ ಅಂಗಡಿಯಲ್ಲಿ. ಗುಂಪು ಇಲ್ಲದ ಹೊತ್ತು ಹೋಗಿ. ಹಿಂದೆ ಜನ ನಿಂತಿದ್ದರೆ ಕೈ ನಡುಗುತ್ತದೆ.

ವಂಚನೆಯ ಬಗ್ಗೆ ನೂರು ಸುದ್ದಿ ಹೇಳಿ ಹೆದರಿಸಬೇಡಿ. ಮುಖ್ಯವಾದವನ್ನು ಮಾತ್ರ ಗಟ್ಟಿ ಮಾಡಿಸಿ. ಹಣ ನಮ್ಮ ಖಾತೆಗೆ ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಹಣ ಬರುತ್ತದೆ ಎಂದು ಹೇಳಿ ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಒಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಂಡವರಿಗೂ ಹೇಳಬಾರದು. ವಾಟ್ಸ್ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ದಂಡದ ಚೀಟಿ ಎಂಬ ಹೆಸರಿನಲ್ಲಿ ಬರುವ 'ಎಪಿಕೆ' ಕಡತ, ಅಂದರೆ ಫೋನಿಗೆ ಹೊಸ ಆಪ್ ಹಾಕುವ ಕಡತ, ತೆರೆಯಬಾರದು, ಅದರ ಮೂಲಕ ಫೋನಿನ ಹಿಡಿತವೇ ಬೇರೆಯವರ ಪಾಲಾಗಬಹುದು. ಸಮವಸ್ತ್ರ ಹಾಕಿದವರೊಬ್ಬರು ವಿಡಿಯೊ ಕರೆಯಲ್ಲಿ ಬಂದು 'ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿ' ಎಂದರೆ ಕರೆ ಕತ್ತರಿಸಬೇಕು. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. 'ಯಾರಿಗೂ ಹೇಳಬೇಡಿ' ಎಂಬ ಮಾತು ಬಂದ ಕೂಡಲೇ ಮನೆಯವರಿಗೆ ಹೇಳಬೇಕು ಎಂಬುದೇ ಇಲ್ಲಿನ ಅಭ್ಯಾಸ. ಬೇಕಾದರೆ ನೀವೇ ಮೋಸಗಾರನ ಹಾಗೆ ಮಾತನಾಡಿ ಮನೆಯಲ್ಲೇ ಒಂದು ನಾಟಕ ಆಡಿ, ಅವರು ಕರೆ ಕತ್ತರಿಸುವುದನ್ನು ಕೈಯಾರೆ ಮಾಡಲಿ. ಮರ್ಯಾದಸ್ಥರಿಗೆ ಎದುರಿನವರ ಮಾತು ಮುಗಿಯುವ ಮೊದಲೇ ಫೋನ್ ಇಡುವುದು ಒರಟುತನ ಅನ್ನಿಸುತ್ತದೆ. ಮೋಸಗಾರರು ಬಳಸಿಕೊಳ್ಳುವುದೇ ಆ ಸೌಜನ್ಯವನ್ನು.

ಹಾಗಿದ್ದೂ ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುವುದರಿಂದ, ದೂರು ಬೇಗ ಹೋದಷ್ಟೂ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಇಲ್ಲಿಯೇ ಮನೆಯವರ ನಡತೆಯ ಬೆಲೆ ತಿಳಿಯುವುದು. ಬೈಗುಳಕ್ಕೆ ಹೆದರಿ ಎರಡು ದಿನ ಬಚ್ಚಿಟ್ಟರೆ ಹಣದ ಆಸೆ ಬಹುತೇಕ ಬಿಟ್ಟಂತೆಯೇ. 'ಏನೇ ಆದರೂ ಮೊದಲು ನನಗೆ ಹೇಳಿ, ನಾನು ಬೈಯುವುದಿಲ್ಲ' ಎಂದು ಮುಂಚೆಯೇ ಮಾತು ಕೊಡಿ, ಆ ಮಾತನ್ನು ಉಳಿಸಿಕೊಳ್ಳಿ. 1930 ಸಂಖ್ಯೆಯನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ದೊಡ್ಡದಾಗಿ ಬರೆಸಿ.

ಜೀವನ ಪ್ರಮಾಣಪತ್ರ: ಮನೆಯಲ್ಲೇ ಮಾಡಬಹುದು

ಪಿಂಚಣಿದಾರರಿಗೆ ಫೋನಿನ ಅತಿ ದೊಡ್ಡ ಉಪಕಾರ ಇದೇ ಇರಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ತಾವು ಬದುಕಿದ್ದೇವೆ ಎಂಬ ಪ್ರಮಾಣಪತ್ರ ಕೊಡಬೇಕು, 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಭವಿಷ್ಯ ನಿಧಿಯ ಪಿಂಚಣಿದಾರರು ವರ್ಷದಲ್ಲಿ ಯಾವಾಗ ಕೊಟ್ಟರೂ ಅಲ್ಲಿಂದ 12 ತಿಂಗಳು ಸಲ್ಲುತ್ತದೆ. ಇದಕ್ಕಾಗಿ 2014ರ ನವೆಂಬರ್‌ನಲ್ಲಿ 'ಜೀವನ್ ಪ್ರಮಾಣ್' ಎಂಬ ಡಿಜಿಟಲ್ ವ್ಯವಸ್ಥೆ ಬಂತು. ಆಗ ಬೆರಳಚ್ಚು ಅಥವಾ ಕಣ್ಣಿನ ಪಾಪೆಯ ಗುರುತು ಬೇಕಾಗಿತ್ತು. ದುಡಿದು ಸವೆದ ಬೆರಳಿನ ಗೆರೆಗಳನ್ನು ಯಂತ್ರ ಗುರುತಿಸದೆ ಎಷ್ಟೋ ಹಿರಿಯರು ಪರದಾಡಿದರು. 2021ರಿಂದ ಮುಖ ತೋರಿಸಿಯೇ ಮಾಡುವ ವ್ಯವಸ್ಥೆ ಬಂದಿದೆ. ನಿಮ್ಮ ಪಿಂಚಣಿ ಕೊಡುವ ಇಲಾಖೆ ಇದನ್ನು ಒಪ್ಪುತ್ತದೆಯೇ ಎಂದು ಮೊದಲು ಕೇಳಿ ತಿಳಿದುಕೊಳ್ಳಿ.

ಬೇಕಾದದ್ದು ಆಧಾರ್ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಪಿಂಚಣಿ ಬರುವ ಖಾತೆಯ ಸಂಖ್ಯೆ, ಒಟಿಪಿ ಬರುವ ಮೊಬೈಲ್. ಇವನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಪ್ಲೇ ಸ್ಟೋರ್‌ನಿಂದ ಮುಖ ಗುರುತಿಸುವ 'ಆಧಾರ್ ಫೇಸ್ ಆರ್‌ಡಿ' ಮತ್ತು 'ಜೀವನ್ ಪ್ರಮಾಣ್' ಎಂಬ ಎರಡೂ ಆಪ್‌ಗಳನ್ನು ಹಾಕಿಕೊಳ್ಳಿ. ಮೊದಲು ಕೇಳುವುದು ನಿರ್ವಾಹಕರ ಗುರುತು: ಸಹಾಯ ಮಾಡುತ್ತಿರುವ ನೀವು ನಿಮ್ಮ ಆಧಾರ್ ಕೊಟ್ಟು ನಿಮ್ಮ ಮುಖ ತೋರಿಸಬೇಕು, ಪಿಂಚಣಿದಾರರೇ ತಮಗೆ ತಾವು ನಿರ್ವಾಹಕರಾಗಲೂ ಬಹುದು. ಆಮೇಲೆ ಪಿಂಚಣಿದಾರರ ವಿವರ, ಕೊನೆಗೆ ಅವರ ಮುಖ. ಬೆಳಕು ಮುಖದ ಮೇಲೆ ಬೀಳಬೇಕು, ಹಿಂದಿನಿಂದ ಬರಬಾರದು. ಕಣ್ಣು ಮಿಟುಕಿಸಿ ಎಂದು ಪರದೆ ಹೇಳಿದಾಗ ಗಡಿಬಿಡಿಯಿಲ್ಲದೆ ಮಿಟುಕಿಸಿದರಾಯಿತು. ಮುಗಿದ ಮೇಲೆ ಪ್ರಮಾಣಪತ್ರದ ಸಂಖ್ಯೆಯಾದ ಪ್ರಮಾಣ್ ಐಡಿ ಸಂದೇಶವಾಗಿ ಬರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ.

ಈ ಅರ್ಜಿಯಲ್ಲಿ ಒಂದು ಕಡೆ ಮರುಮದುವೆಯಾಗಿದ್ದೀರಾ ಎಂಬ ಪ್ರಶ್ನೆಯಿದೆ. ಗಂಡನನ್ನು ಕಳೆದುಕೊಂಡು ಕುಟುಂಬ ಪಿಂಚಣಿ ಪಡೆಯುತ್ತಿರುವ ಹಿರಿಯ ಹೆಂಗಸಿಗೆ ಅದನ್ನು ಥಟ್ಟನೆ ಗಟ್ಟಿಯಾಗಿ ಓದಿ ಹೇಳಬೇಡಿ. 'ನಿಯಮಕ್ಕಾಗಿ ಎಲ್ಲರನ್ನೂ ಕೇಳುತ್ತಾರೆ' ಎಂದು ಮೊದಲೇ ತಿಳಿಸಿ, ಉತ್ತರವನ್ನು ಅವರೇ ಒತ್ತಲು ಬಿಡಿ.

ಅವರಿಂದಲೂ ಕಲಿಯಿರಿ, ಗೆಳೆಯರನ್ನೂ ಸೇರಿಸಿ

ಬರೀ ತೆಗೆದುಕೊಳ್ಳುವುದು ಯಾರಿಗೂ ಹಿತವಲ್ಲ. ಧ್ವನಿಮುದ್ರಣ ಕಲಿಸಿದ ದಿನ ಅವರಿಂದ ಒಂದು ಸೋಬಾನೆ ಪದವನ್ನೋ, ಉಪ್ಪಿನಕಾಯಿ ಹಾಕುವ ಕ್ರಮವನ್ನೋ, ಊರಿನ ಕೆರೆ ತುಂಬಿದ ವರ್ಷದ ಕತೆಯನ್ನೋ ಮುದ್ರಿಸಿಕೊಳ್ಳಿ. ನಕ್ಷೆ ನೋಡಲು ಕಲಿಸಿದ ದಿನ ಅವರು ಹುಟ್ಟಿದ ಊರನ್ನು ಹುಡುಕಿಸಿ, ಯಾವ ಓಣಿಯಲ್ಲಿ ಯಾರ ಮನೆಯಿತ್ತು ಎಂದು ಹೇಳಲು ಬಿಡಿ.

ಒಬ್ಬ ಹಿರಿಯರು ಕಲಿತರೆ ಅವರಿಂದಲೇ ಇನ್ನೊಬ್ಬರಿಗೆ ಹೇಳಿಕೊಡಿಸಿ. ಸಮವಯಸ್ಕರ ಹತ್ತಿರ ಕೇಳಲು ಸಂಕೋಚವಿಲ್ಲ, ವೇಗವೂ ಹೊಂದುತ್ತದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಅರಿವು ಕೇಂದ್ರಗಳಿವೆ, ಕೂರಲು ಜಾಗ ಕೇಳಬಹುದು. ಫೋನಿನಿಂದ ಮುಂದೆ ಹೋಗಿ ಪದವಿಯನ್ನೇ ಓದುವ ಆಸೆಯಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಮನೆಯಿಂದಲೇ ಓದಬಹುದು, ವಯಸ್ಸು ಅಡ್ಡಿಯಾಗುವುದಿಲ್ಲ.

ನಿಧಾನ ಬೇರೆ, ಮರೆವಿನ ಕಾಯಿಲೆ ಬೇರೆ

ಹೊಸ ಕೆಲಸ ಮರೆಯುವುದು ಸಹಜ. ವರ್ಷಗಟ್ಟಲೆ ಮಾಡಿದ ಸಾರಿನ ಕ್ರಮವೇ ತಪ್ಪುತ್ತಿದ್ದರೆ, ದಿನವೂ ಹೋಗುವ ದೇವಸ್ಥಾನದಿಂದ ಮನೆಗೆ ದಾರಿ ತಿಳಿಯದಿದ್ದರೆ, ಒಂದೇ ಬಿಲ್ಲನ್ನು ಎರಡೆರಡು ಸಲ ಕಟ್ಟುತ್ತಿದ್ದರೆ ಪಾಠ ಬದಿಗಿಟ್ಟು ವೈದ್ಯರಿಗೆ ತೋರಿಸಿ. ಥೈರಾಯಿಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮದಿಂದಲೂ ಹೀಗಾಗಬಹುದು, ಇವುಗಳಿಗೆ ಚಿಕಿತ್ಸೆಯಿದೆ.

ಬೇಡ ಎಂದವರಿಗೆ

ಕೆಲವರು ಕೇಳಿ, ನೋಡಿ, ಯೋಚಿಸಿ 'ನನಗೆ ಇದು ಬೇಡ' ಎನ್ನುತ್ತಾರೆ. ಅದು ಅವರ ತೀರ್ಮಾನ, ಒಪ್ಪಿಕೊಳ್ಳಿ. ಗುಂಡಿಗಳಿರುವ ಸಾದಾ ಫೋನ್ ಈಗಲೂ ಸಿಗುತ್ತದೆ. ಅದರಲ್ಲಿ ಮನೆಯವರ ಸಂಖ್ಯೆಗಳನ್ನು ಒಂದೊಂದು ಗುಂಡಿಗೆ ಹೊಂದಿಸಿಕೊಡಿ. ಜೀವನ ಪ್ರಮಾಣಪತ್ರವನ್ನು ಮನೆ ಬಾಗಿಲಲ್ಲೇ ಮಾಡಿಕೊಡುವ ಸೇವೆ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನಲ್ಲಿದೆ, ಅಂಚೆಯಣ್ಣನನ್ನೇ ಕೇಳಬಹುದು. ಪಿಂಚಣಿ, ಕಾನೂನು, ಆರೈಕೆಯ ವಿಚಾರದಲ್ಲಿ ಮಾಹಿತಿ ಬೇಕಾದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ, ಸಾದಾ ಫೋನಿನಿಂದಲೇ ಕರೆ ಮಾಡಬಹುದು. ಆ ಸಂಖ್ಯೆಯನ್ನೂ 1930ರ ಕೆಳಗೆ ಬರೆದಿಡಿ. ಆರು ತಿಂಗಳಾದ ಮೇಲೆ ಅವರಾಗಿಯೇ 'ಆ ವಿಡಿಯೊ ಕರೆ ಹೇಗೆ ಮಾಡುವುದು?' ಎಂದು ಕೇಳಿದರೆ, 'ಆಗ ಬೇಡ ಎಂದಿದ್ದಿರಲ್ಲ' ಎನ್ನದೆ ಪಕ್ಕಕ್ಕೆ ಬಂದು ಕುಳಿತುಕೊಳ್ಳಿ.